ಉಂಡ ಅನ್ನಕ್ಕೆ ಕರುಳಿನ ಉತ್ತರ

ಬೆಳಿಗ್ಗೆ ಎಂಟು ಗಂಟೆಗೆ ಎರಡು ಪಾವು ತಿಂದು, ಸಕ್ಕರೆ ಬೆರೆಸಿದ ಒಂದು ಲೋಟ ಚಹಾ ಕುಡಿದು ಕಚೇರಿಗೆ ಹೊರಟವರಿಗೆ ಹತ್ತೂವರೆಯ ವೇಳೆಗೆ ಹೊಟ್ಟೆ ಚುರುಗುಟ್ಟತೊಡಗುವುದು ಮುಂಬಯಿಯಂತಹ ನಗರದಲ್ಲಿ ನಿತ್ಯದ ಅನುಭವ. ಅಷ್ಟೇ ಕ್ಯಾಲೊರಿಗಳನ್ನು ಕೊಡುವ ಹೆಸರುಕಾಳಿನ ದೋಸೆಯನ್ನೋ, ಮೊಳಕೆಕಾಳಿನ ಉಸಳಿಯನ್ನೋ ತಿಂದವರು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವವರೆಗೆ ಹಸಿವಿನ ಗೊಡವೆಯಿಲ್ಲದೆ ಕೆಲಸ ಮಾಡಬಲ್ಲರು. ಶಕ್ತಿಯ ಲೆಕ್ಕದಲ್ಲಿ ಎರಡೂ ಉಪಾಹಾರಗಳು ಸಮ. ದೇಹದ ಲೆಕ್ಕದಲ್ಲಿ ಸಮವಲ್ಲ. ಈ ಅಂತರದ ಕಾರಣವನ್ನು ಹುಡುಕುತ್ತ ಹೋದರೆ ಜಠರದ ಮತ್ತು ಕರುಳಿನ ಒಳಪೊರೆಯಲ್ಲಿ ಅಲ್ಲಲ್ಲಿ ಚದುರಿಕೊಂಡಿರುವ ಕೆಲವು ವಿಶಿಷ್ಟ ಜೀವಕೋಶಗಳನ್ನು ತಲುಪುತ್ತೇವೆ. ಬಂದ ಆಹಾರ ಯಾವ ಬಗೆಯದು, ಎಷ್ಟು ಬಂದಿದೆ, ಯಾವ ವೇಗದಲ್ಲಿ ಬರುತ್ತಿದೆ ಎಂಬುದನ್ನು ಇವು ಗುರುತಿಸಿ ಅದಕ್ಕೆ ತಕ್ಕ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಆರೋಗ್ಯವಂತರಲ್ಲಿ ಈ ಏರ್ಪಾಡು ಹೇಗೆ ನಡೆಯುತ್ತದೆ ಎಂಬುದೇ ಇಲ್ಲಿಯ ವಿಷಯ.

ಹಾರ್ಮೋನು ಎಂದೊಡನೆ ಥೈರಾಯ್ಡ್ ಗ್ರಂಥಿಯೋ ಇನ್ಸುಲಿನ್ನೋ ನಮ್ಮ ನೆನಪಿಗೆ ಬರುತ್ತದೆ. ಆದರೆ ಆ ಶಬ್ದ ಹುಟ್ಟಿದ್ದೇ ಕರುಳಿನ ಮೇಲೆ ನಡೆದ ಒಂದು ಪ್ರಯೋಗದ ಫಲವಾಗಿ. ಜೀರ್ಣರಸಗಳ ಸ್ರಾವ ನರಗಳ ಆಜ್ಞೆಯಿಂದ ನಡೆಯುವುದೆಂಬ ರಷ್ಯದ ಇವಾನ್ ಪಾವ್ಲೊವ್ ಅವರ ಅಭಿಪ್ರಾಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಬಲವಾಗಿತ್ತು. 1902ರ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್, ಇವರು ಸಂಬಂಧದಲ್ಲಿ ಭಾವಮೈದುನರೂ ಹೌದು, ನಾಯಿಯೊಂದಕ್ಕೆ ಅರಿವಳಿಕೆ ಕೊಟ್ಟು, ಅದರ ಸಣ್ಣ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಆ ಭಾಗದೊಳಕ್ಕೆ ಆಮ್ಲವನ್ನು ಹಾಕಿದರು. ನರಸಂಪರ್ಕ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸವನ್ನು ಸುರಿಸಿತು. ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದೊಡನೆ ಅರೆದು, ಸೋಸಿ ರಕ್ತಕ್ಕೆ ಸೇರಿಸಿದಾಗಲೂ ಅದೇ ಫಲ ದೊರೆಯಿತು. ಅಂದರೆ ಸಂದೇಶವನ್ನು ಒಯ್ದದ್ದು ನರವಲ್ಲ, ರಕ್ತದಲ್ಲಿ ಬೆರೆತ ಯಾವುದೋ ದ್ರವ್ಯ. ಅದಕ್ಕೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. ಇಂತಹ ದ್ರವ್ಯಗಳಿಗೆಲ್ಲ ಒಂದು ಸಾಮಾನ್ಯ ನಾಮಧೇಯ ಬೇಕಾದಾಗ, ಕೆರಳಿಸು, ಚಾಲನೆ ಕೊಡು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಹಾರ್ಮೋನ್ ಎಂಬ ಪದವನ್ನು ಸ್ಟಾರ್ಲಿಂಗ್ 1905ರಲ್ಲಿ ಬಳಕೆಗೆ ತಂದರು.

ಅಂದಿನಿಂದ ಇಂದಿನವರೆಗೆ ಜೀರ್ಣಾಂಗಗಳ ಹಾರ್ಮೋನುಗಳ ಪಟ್ಟಿ ಬಹಳ ಉದ್ದವಾಗಿ ಬೆಳೆದಿದೆ. ಅವೆಲ್ಲವನ್ನೂ ಇಲ್ಲಿ ಹೆಸರಿಸುವುದು ಅನಗತ್ಯ. ನಮ್ಮ ತಟ್ಟೆಯಲ್ಲಿರುವ ಪಿಷ್ಟ, ಜಿಡ್ಡು, ಸಸಾರಜನಕ ಇವುಗಳಿಗೆ ಸ್ಪಷ್ಟವಾಗಿ ಉತ್ತರ ಕೊಡುವ ಕೆಲವನ್ನು ಮಾತ್ರ ನೋಡೋಣ.

ಸಕ್ಕರೆಯ ಒಗಟು

ಒಬ್ಬ ಆರೋಗ್ಯವಂತನಿಗೆ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಯಲು ಕೊಡಿ. ಇನ್ನೊಂದು ದಿನ ಅದೇ ವ್ಯಕ್ತಿಗೆ, ರಕ್ತದ ಸಕ್ಕರೆ ಅಷ್ಟೇ ಏರುವಂತೆ, ಗ್ಲೂಕೋಸನ್ನು ನೇರವಾಗಿ ಅಭಿಧಮನಿಗೆ ಹನಿಸಿ. ರಕ್ತದಲ್ಲಿರುವ ಸಕ್ಕರೆ ಎರಡೂ ದಿನ ಒಂದೇ ಮಟ್ಟದಲ್ಲಿರುವುದರಿಂದ ಇನ್ಸುಲಿನ್ ಸ್ರಾವವೂ ಒಂದೇ ಆಗಬೇಕಲ್ಲವೇ? ಹಾಗೆ ಆಗುವುದಿಲ್ಲ. ಬಾಯಿಯ ಮೂಲಕ ಬಂದ ಗ್ಲೂಕೋಸಿಗೆ ಮೇದೋಜೀರಕ ಗ್ರಂಥಿ ಬಹಳ ಹೆಚ್ಚು ಇನ್ಸುಲಿನ್ನನ್ನು ಸ್ರವಿಸುತ್ತದೆ. 1964ರಲ್ಲಿ ನೀಲ್ ಮ್ಯಾಕಿಂಟೈರ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿಯೂ, ಎಲ್ರಿಕ್ ಮತ್ತು ಸಂಗಡಿಗರು ಅಮೆರಿಕದಲ್ಲಿಯೂ ಇದನ್ನು ತೋರಿಸಿಕೊಟ್ಟರು. ಕರುಳನ್ನು ಹಾದು ಬಂದ ಸಕ್ಕರೆ ತನ್ನ ಬರವನ್ನು ಮುಂಚಿತವಾಗಿ ತಿಳಿಸಿಬಿಡುತ್ತದೆ ಎಂದು ಇದರ ಅರ್ಥ. ಗ್ಲೂಕೋಸ್ ಸೇವನೆಯ ನಂತರ ಆರೋಗ್ಯವಂತರಲ್ಲಿ ಸ್ರವಿಸುವ ಇನ್ಸುಲಿನ್ನಿನ ಅರ್ಧಕ್ಕಿಂತ ಹೆಚ್ಚು ಪಾಲು ಕರುಳಿನ ಈ ಪ್ರೇರಣೆಯಿಂದಲೇ ಬರುವುದೆಂದು ಈಗ ಅಂಗೀಕೃತವಾಗಿದೆ. ಇದಕ್ಕೆ ಇನ್‌ಕ್ರೆಟಿನ್ ಪರಿಣಾಮ ಎಂದು ಹೆಸರು.

ಈ ಕೆಲಸ ಮಾಡುವ ಹಾರ್ಮೋನುಗಳು ಎರಡು. ಮೊದಲನೆಯದು ಜಿ.ಐ.ಪಿ. ಇದನ್ನು ಜಾನ್ ಬ್ರೌನ್ ಬೇರ್ಪಡಿಸಿದ್ದು. ಇನ್ಸುಲಿನ್ನನ್ನು ಪ್ರಚೋದಿಸುವ ಅದರ ಗುಣ 1973ರಲ್ಲಿ ಮಾನವರಲ್ಲಿ ಸಿದ್ಧವಾಯಿತು. ಎರಡನೆಯದಾದ ಜಿ.ಎಲ್.ಪಿ.-1 ಇದೇ ಪಾತ್ರವನ್ನು ಮನುಷ್ಯರಲ್ಲಿ ವಹಿಸುತ್ತದೆಂದು 1987ರಲ್ಲಿ ತಿಳಿದುಬಂತು. ಜಿ.ಐ.ಪಿ. ಹುಟ್ಟುವುದು ಮುಖ್ಯವಾಗಿ ಸಣ್ಣ ಕರುಳಿನ ಮೇಲ್ಭಾಗದ ಜೀವಕೋಶಗಳಲ್ಲಿ. ಜಿ.ಎಲ್.ಪಿ.-1 ಹುಟ್ಟುವ ಜೀವಕೋಶಗಳು ಕರುಳಿನಲ್ಲಿ ಕೆಳಗೆ ಇಳಿದಂತೆಲ್ಲ ಹೆಚ್ಚು ದಟ್ಟವಾಗಿವೆ. ಈ ಎರಡನೆಯ ಹಾರ್ಮೋನು ಇನ್ಸುಲಿನ್ನನ್ನು ಕರೆಯುವುದರ ಜೊತೆಗೆ ಜಠರವು ಬರಿದಾಗುವ ವೇಗವನ್ನು ತಗ್ಗಿಸುತ್ತದೆ. ಯಕೃತ್ತಿನಿಂದ ಸಕ್ಕರೆಯನ್ನು ಹೊರಡಿಸುವ ಗ್ಲೂಕಗಾನ್ ಎಂಬ ಹಾರ್ಮೋನನ್ನು ಅಡಗಿಸುತ್ತದೆ. ಮೆದುಳಿಗೆ ತೃಪ್ತಿಯ ಸೂಚನೆಯನ್ನೂ ಕೊಡುತ್ತದೆ. ಇಷ್ಟೆಲ್ಲ ಮಾಡುವ ದ್ರವ್ಯ ರಕ್ತದಲ್ಲಿ ಜೀವಿಸುವುದು ಒಂದೆರಡು ನಿಮಿಷ ಮಾತ್ರ. ಕಿಣ್ವವೊಂದು ಅದನ್ನು ಒಡನೆಯೇ ಕತ್ತರಿಸಿಹಾಕುತ್ತದೆ.

ಗ್ಲೂಕೋಸನ್ನು ಕರುಳಿನ ಜೀವಕೋಶ ನಾಲಗೆಯಂತೆ ಸಿಹಿಯಿಂದ ಗುರುತಿಸುವುದೇ ಎಂಬ ಪ್ರಶ್ನೆ ಬಹುಕಾಲ ಇತ್ತು. ಸಕ್ಕರೆಗೆ ಬದಲಾಗಿ ಬಳಸುವ ಸುಕ್ರಲೋಸ್ ಎಂಬ ಅತಿ ಸಿಹಿಯಾದ ಕೃತಕ ದ್ರವ್ಯವನ್ನು ಆರೋಗ್ಯವಂತರ ಜಠರಕ್ಕೆ ನಳಿಕೆಯ ಮೂಲಕ ಬಿಟ್ಟು ನೋಡಿದಾಗ ಜಿ.ಎಲ್.ಪಿ.-1 ಆಗಲಿ, ಜಿ.ಐ.ಪಿ. ಆಗಲಿ, ಇನ್ಸುಲಿನ್ ಆಗಲಿ ಏರಲಿಲ್ಲ. ಗ್ಲೂಕೋಸು ಸೋಡಿಯಮ್ಮಿನ ಜೊತೆಗೂಡಿ ಜೀವಕೋಶದ ಒಳಗೆ ಪ್ರವೇಶಿಸುವ ಬಾಗಿಲೇ ಇಲ್ಲಿ ಮುಖ್ಯ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸು ಬೇರೆ ಬಾಗಿಲಿನಿಂದ ಹೋಗುವುದರಿಂದ ಅದು ಜಿ.ಎಲ್.ಪಿ.-1 ಅನ್ನು ಗ್ಲೂಕೋಸಿಗಿಂತ ಕಡಿಮೆ ಏರಿಸುತ್ತದೆ, ಜಿ.ಐ.ಪಿ.ಯನ್ನು ಏರಿಸುವುದೇ ಇಲ್ಲವೆನ್ನಬಹುದು. ನಾಲಗೆಯನ್ನು ಮೋಸಗೊಳಿಸುವುದು ಸುಲಭ, ಕರುಳನ್ನು ಅಷ್ಟು ಸುಲಭವಲ್ಲ.

ವೇಗದ ವಿಷಯವೂ ಇಲ್ಲಿಯೇ ಬರುತ್ತದೆ. ಆರೋಗ್ಯವಂತರ ಜಠರ ತನ್ನಲ್ಲಿರುವುದನ್ನು ನಿಮಿಷಕ್ಕೆ ಸುಮಾರು ಒಂದರಿಂದ ನಾಲ್ಕು ಕ್ಯಾಲೊರಿಗಳ ಪ್ರಮಾಣದಲ್ಲಿ ಕರುಳಿಗೆ ಇಳಿಸುತ್ತದೆ. ಗ್ಲೂಕೋಸನ್ನು ನಳಿಕೆಯ ಮೂಲಕ ಕರುಳಿಗೆ ಬಿಟ್ಟು ಮಾಡಿದ ಪ್ರಯೋಗಗಳಲ್ಲಿ, ನಿಮಿಷಕ್ಕೆ ಒಂದು ಕ್ಯಾಲೊರಿಯಂತೆ ಹರಿಸಿದಾಗ ಜಿ.ಎಲ್.ಪಿ.-1 ಅತ್ಯಲ್ಪವಾಗಿ ಏರಿತು. ನಾಲ್ಕರಂತೆ ಹರಿಸಿದಾಗ ಬಹಳ ಏರಿತು. ಕಾರಣ ಸರಳ: ನಿಧಾನವಾಗಿ ಬಂದ ಸಕ್ಕರೆಯನ್ನು ಕರುಳಿನ ಮೇಲ್ಭಾಗವೇ ಹೀರಿಬಿಡುತ್ತದೆ, ಕೆಳಗಿರುವ ಜೀವಕೋಶಗಳಿಗೆ ಸುದ್ದಿ ತಲುಪುವುದಿಲ್ಲ. ಹಾಗಾದರೆ ಸಕ್ಕರೆಯನ್ನು ಬೇಗ ಬೇಗ ಸುರಿದರೆ ಒಳ್ಳೆಯದೇ? ಖಂಡಿತ ಅಲ್ಲ. ಸಕ್ಕರೆಯೂ ಅದೇ ವೇಗದಲ್ಲಿ ರಕ್ತಕ್ಕೆ ಏರುತ್ತದೆ. ಸಕ್ಕರೆಯ ಹೊರೆಯನ್ನು ತಾರದೆ ಈ ಹಾರ್ಮೋನನ್ನು ಎಬ್ಬಿಸುವ ಬೇರೆ ದಾರಿಗಳಿವೆ.

ಜಿಡ್ಡು, ಸಸಾರಜನಕ, ನಾರು

ಜಿಡ್ಡಿಗೆ ಕರುಳು ಕೊಡುವ ಮುಖ್ಯ ಉತ್ತರ ಕೊಲೆಸಿಸ್ಟೊಕೈನಿನ್. ಇದನ್ನು 1928ರಲ್ಲಿ ಐವಿ ಮತ್ತು ಓಲ್ಡ್‌ಬರ್ಗ್ ಗುರುತಿಸಿದರು. ಪಿತ್ತಕೋಶವನ್ನು ಚಲಿಸುವಂತೆ ಮಾಡುವುದು ಎಂದು ಈ ಉದ್ದನೆಯ ಹೆಸರಿನ ಅರ್ಥ. ವೈದ್ಯರ ಬಾಯಲ್ಲಿ ಅದು ಸಿ.ಸಿ.ಕೆ. ಇದು ಪಿತ್ತಕೋಶವನ್ನು ಸಂಕೋಚಿಸಿ ಪಿತ್ತರಸವನ್ನು ಹೊರಡಿಸುತ್ತದೆ, ಮೇದೋಜೀರಕ ಗ್ರಂಥಿಯ ಕಿಣ್ವಗಳನ್ನು ಕರೆತರುತ್ತದೆ, ಜಠರದ ಬಾಗಿಲನ್ನು ಬಿಗಿಹಿಡಿಯುತ್ತದೆ. ಹೋಳಿಗೆಗೆ ತುಪ್ಪ ಸುರಿದುಕೊಂಡು ಉಂಡ ಮದುವೆಯ ಊಟ ಸಂಜೆಯವರೆಗೂ ಹೊಟ್ಟೆಯಲ್ಲಿಯೇ ಕುಳಿತಂತೆ ತೋರುವುದಕ್ಕೆ ಇದೊಂದು ಮುಖ್ಯ ಕಾರಣ. ಪಿತ್ತಕೋಶದಲ್ಲಿ ಕಲ್ಲು ಇರುವವರಿಗೆ ಅಂತಹ ಊಟದ ನಂತರವೇ ನೋವು ಬರುವುದೂ ಇದರಿಂದಲೇ.

ಇಲ್ಲೊಂದು ಸೂಕ್ಷ್ಮವಿದೆ. ಎಣ್ಣೆ ಎಣ್ಣೆಯಾಗಿಯೇ ಇದ್ದರೆ ಕರುಳಿಗೆ ಅದರ ಗುರುತು ಹತ್ತುವುದಿಲ್ಲ. ಕಿಣ್ವಗಳು ಅದನ್ನು ಮೇದಾಮ್ಲಗಳಾಗಿ ಒಡೆದ ಮೇಲೆಯೇ ಸಿ.ಸಿ.ಕೆ. ಹೊರಡುತ್ತದೆ. ಆ ಮೇದಾಮ್ಲದ ಸರಪಳಿಯಲ್ಲಿ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಇಂಗಾಲದ ಕೊಂಡಿಗಳಿರಬೇಕು; ಎಂಟು, ಹತ್ತು ಕೊಂಡಿಗಳ ಕಿರಿಯ ಮೇದಾಮ್ಲಗಳಿಗೆ ಈ ಹಾರ್ಮೋನು ಸ್ಪಂದಿಸುವುದಿಲ್ಲ. ನಾವು ಅಡುಗೆಗೆ ಬಳಸುವ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳಲ್ಲಿರುವುದು ಹೆಚ್ಚಾಗಿ ಹದಿನೆಂಟು ಕೊಂಡಿಗಳವು. ತೆಂಗಿನೆಣ್ಣೆಯಲ್ಲಿ ಹೆಚ್ಚಿನ ಪಾಲು ಸರಿಯಾಗಿ ಹನ್ನೆರಡರ ಗಡಿಯಲ್ಲಿರುವ ಲಾರಿಕ್ ಆಮ್ಲ.

ಇಷ್ಟನ್ನು ಓದಿ, ಜಿಡ್ಡು ತಿಂದರೆ ಹಸಿವು ತಗ್ಗುವುದೆಂದು ತುಪ್ಪದ ಡಬ್ಬಿಗೆ ಕೈಹಾಕುವ ಮುನ್ನ ಇನ್ನೊಂದು ಸಂಗತಿಯನ್ನೂ ಓದುಗರು ಗಮನಿಸಬೇಕು. ಜಠರವು ಬರಿದಾದಾಗ ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಮತ್ತು ಸಂಗಡಿಗರು ಕಂಡುಹಿಡಿದರು. ಊಟದ ಮುಂಚೆ ಇದು ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ಸಮಾನ ಕ್ಯಾಲೊರಿಗಳ ಮೂರು ಪಾನೀಯಗಳನ್ನು ಬೇರೆ ಬೇರೆ ದಿನ ಕೊಟ್ಟು ಗ್ರೆಲಿನ್ನನ್ನು ಅಳೆದರು. ಜಿಡ್ಡು ಅದನ್ನು ಇಳಿಸಿದ್ದು ಎಲ್ಲಕ್ಕಿಂತ ಕಡಿಮೆ. ಶರ್ಕರಪಿಷ್ಟ ಮೊದಲು ಚೆನ್ನಾಗಿ ಇಳಿಸಿತು, ಆದರೆ ಕೆಲವು ಗಂಟೆಗಳ ಬಳಿಕ ಗ್ರೆಲಿನ್ ಊಟಕ್ಕೆ ಮುಂಚೆ ಇದ್ದ ಮಟ್ಟವನ್ನೂ ದಾಟಿ ಮೇಲೇರಿತು. ಸಸಾರಜನಕದ ಪಾನೀಯ ಮಾತ್ರ ಗಂಟೆಗಟ್ಟಲೆ ಅದನ್ನು ತಗ್ಗಿಸಿಯೇ ಇಟ್ಟಿತು. ಪಾವು, ಚಹಾ ಸೇವಿಸಿದವರ ಹಸಿವಿಗೂ ಹೆಸರುಕಾಳಿನ ದೋಸೆ ತಿಂದವರ ನೆಮ್ಮದಿಗೂ ಇರುವ ಅಂತರದ ಒಂದು ಮುಖ್ಯ ಅಂಶ ಇಲ್ಲಿದೆ. ಅದಲ್ಲದೆ ಜಿಡ್ಡಿನ ಒಂದು ಗ್ರಾಮಿನಲ್ಲಿ ಒಂಬತ್ತು ಕ್ಯಾಲೊರಿ. ಪಿಷ್ಟ, ಸಸಾರಜನಕಗಳಲ್ಲಿ ನಾಲ್ಕು.

ಸಸಾರಜನಕ, ಅಂದರೆ ಪ್ರೋಟೀನು, ಕರುಳಿನ ಬಹುಪಾಲು ಸಂದೇಶವಾಹಕಗಳನ್ನು ಎಬ್ಬಿಸುವ ಪೋಷಕಾಂಶ. ಜಠರದಲ್ಲಿಯೇ ಅದರ ಅಮೈನೋ ಆಮ್ಲಗಳು ಗ್ಯಾಸ್ಟ್ರಿನ್ನನ್ನು ಹೊರಡಿಸಿ ಆಮ್ಲವನ್ನು ಕರೆಸುತ್ತವೆ. ಅಂದಹಾಗೆ, ನಮ್ಮ ಪ್ರಿಯವಾದ ಕಾಫಿಯೂ ಗ್ಯಾಸ್ಟ್ರಿನ್ನನ್ನು ಏರಿಸುತ್ತದೆ. ಕೆಫೀನ್ ತೆಗೆದ ಕಾಫಿಗೂ ಆ ಗುಣ ತಪ್ಪಿದ್ದಲ್ಲ. ಖಾಲಿ ಹೊಟ್ಟೆಯಲ್ಲಿ ಎರಡನೆಯ ಲೋಟ ಫಿಲ್ಟರ್ ಕಾಫಿ ಹೀರಿ ಎದೆಯುರಿಯೆಂದು ದೂರುವವರು ಇದನ್ನು ತಿಳಿದಿರುವುದು ಲೇಸು. ಕರುಳಿಗೆ ಇಳಿದ ಸಸಾರಜನಕ ಸಿ.ಸಿ.ಕೆ.ಯನ್ನೂ ಜಿ.ಎಲ್.ಪಿ.-1 ಅನ್ನೂ ಏರಿಸುತ್ತದೆ. ಅದರೊಡನೆ ಪಿ.ವೈ.ವೈ. ಎಂಬ ಇನ್ನೊಂದು ಹಾರ್ಮೋನು, 1980ರಲ್ಲಿ ಟಾಟೆಮೊಟೊ ಮತ್ತು ಮುಟ್ ಬೇರ್ಪಡಿಸಿದ್ದು, ಊಟವಾದ ಹದಿನೈದು ನಿಮಿಷಗಳಲ್ಲಿ ಏರತೊಡಗಿ ಹಲವು ಗಂಟೆಗಳ ಕಾಲ ಸಾಕು ಎಂಬ ಸೂಚನೆಯನ್ನು ಮೆದುಳಿಗೆ ಕೊಡುತ್ತಿರುತ್ತದೆ.

ನಾರಿನ ಕಥೆ ಬೇರೆ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ಸೇರಿದಾಗ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಕಿರುಸರಪಳಿಯ ಆಮ್ಲಗಳನ್ನು ಉತ್ಪಾದಿಸುತ್ತವೆ. ಈ ಆಮ್ಲಗಳನ್ನು ಗುರುತಿಸಿ ಅಲ್ಲಿಯ ಜೀವಕೋಶಗಳು ಪಿ.ವೈ.ವೈ.ಯನ್ನೂ ಜಿ.ಎಲ್.ಪಿ.-1 ಅನ್ನೂ ಬಿಡಬಲ್ಲವು. ಇದರ ಫಲ ಉಂಡ ಕೂಡಲೇ ಕಾಣುವುದಲ್ಲ, ಗಂಟೆಗಳ ನಂತರದ್ದು.

ಎಲೆಯ ಮೇಲಿನ ಕ್ರಮ

ಏನನ್ನು ಉಂಡೆವು ಎಂಬುದರಷ್ಟೇ ಹೇಗೆ ಉಂಡೆವು ಎಂಬುದೂ ಈ ಹಾರ್ಮೋನುಗಳ ಮೇಲೆ ಪ್ರಭಾವ ಬೀರುತ್ತದೆ. 2010ರಲ್ಲಿ ಪ್ರಕಟವಾದ ಅಥೆನ್ಸಿನ ಒಂದು ಪ್ರಯೋಗದಲ್ಲಿ ಹದಿನೇಳು ಮಂದಿ ಆರೋಗ್ಯವಂತ ಪುರುಷರಿಗೆ ಒಂದು ದಿನ 300 ಮಿಲಿಲೀಟರ್ ಐಸ್‌ಕ್ರೀಮನ್ನು ಐದು ನಿಮಿಷಗಳಲ್ಲಿ, ಇನ್ನೊಂದು ದಿನ ಅಷ್ಟನ್ನೇ ಅರ್ಧ ಗಂಟೆಯಲ್ಲಿ ತಿನ್ನಲು ಹೇಳಲಾಯಿತು. ನಿಧಾನವಾಗಿ ತಿಂದ ದಿನ ಪಿ.ವೈ.ವೈ. ಮತ್ತು ಜಿ.ಎಲ್.ಪಿ.-1 ಎರಡೂ ಹೆಚ್ಚಾಗಿ ಏರಿದ್ದವು. ಎಂಟು ಹನ್ನೆರಡರ ಲೋಕಲ್ ತಪ್ಪೀತೆಂದು ನಿಂತಲ್ಲಿಯೇ ಉಪ್ಪಿಟ್ಟು ನುಂಗಿ ಓಡುವವರಿಗೆ ಅರ್ಧ ಗಂಟೆಯ ಉಪಾಹಾರವನ್ನು ಬೋಧಿಸುವುದು ಕ್ರೌರ್ಯವಾದೀತು. ಆದರೆ ರಾತ್ರಿಯ ಊಟವಾದರೂ ಹಾಗೆ ಮುಗಿಯಬೇಕಿಲ್ಲ.

ಕ್ರಮದ ಮಾತು ಇನ್ನೂ ಸ್ವಾರಸ್ಯಕರ. ಜಪಾನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಹನ್ನೆರಡು ಮಂದಿ ಮಧುಮೇಹಿಗಳೂ ಹತ್ತು ಮಂದಿ ಆರೋಗ್ಯವಂತರೂ ಇದ್ದರು. ಒಂದು ದಿನ ಅನ್ನವನ್ನು ಮೊದಲು ಉಂಡು ಆಮೇಲೆ ಮೀನು. ಬೇರೆ ದಿನಗಳಲ್ಲಿ ಮೀನನ್ನು ಅಥವಾ ಮಾಂಸವನ್ನು ಮೊದಲು ತಿಂದು ಹದಿನೈದು ನಿಮಿಷಗಳ ನಂತರ ಅನ್ನ. ಅನ್ನವನ್ನು ಕೊನೆಗೆ ಉಂಡ ದಿನ ಎರಡೂ ಗುಂಪುಗಳಲ್ಲಿ ಜಿ.ಎಲ್.ಪಿ.-1 ಹೆಚ್ಚಿತು, ಜಠರ ನಿಧಾನವಾಗಿ ಬರಿದಾಯಿತು, ರಕ್ತದ ಸಕ್ಕರೆಯ ಏರಿಕೆ ತಗ್ಗಿತು. ತಟ್ಟೆಯಲ್ಲಿದ್ದ ಪದಾರ್ಥಗಳು ಅವೇ. ಬದಲಾದದ್ದು ಸರದಿ ಮಾತ್ರ. ಇದಕ್ಕೆ ಒಂದು ವರ್ಷ ಮೊದಲು ನ್ಯೂಯಾರ್ಕಿನಲ್ಲಿ ಹನ್ನೊಂದು ಮಂದಿ ಮಧುಮೇಹಿಗಳ ಮೇಲೆ ನಡೆದ ಪ್ರಯೋಗದಲ್ಲಿಯೂ, ತರಕಾರಿ ಮತ್ತು ಕೋಳಿಯನ್ನು ಮೊದಲು ತಿಂದು ರೊಟ್ಟಿಯನ್ನು ಕೊನೆಗೆ ತಿಂದ ದಿನ, ಊಟದ ಒಂದು ಗಂಟೆಯ ನಂತರದ ಸಕ್ಕರೆ ಶೇಕಡಾ 37ರಷ್ಟು ಕಡಿಮೆಯಿತ್ತು. ಇವು ಚಿಕ್ಕ ಪ್ರಯೋಗಗಳೆಂಬುದನ್ನು ಮರೆಯಬಾರದು. ಆದರೂ ಬೇರೆ ಬೇರೆ ದೇಶಗಳ, ಬೇರೆ ಬೇರೆ ಆಹಾರಗಳ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿರುವುದು ಗಮನಾರ್ಹ.

ಬಾಳೆಯೆಲೆಯ ಊಟದಲ್ಲಿ ಕೋಸಂಬರಿ, ಪಲ್ಯಗಳನ್ನು ಅನ್ನಕ್ಕೆ ಮುಂಚೆಯೇ ಬಡಿಸುವುದು ನಮ್ಮಲ್ಲಿ ರೂಢಿ. ಅದನ್ನು ಕಂಡು ನಮ್ಮ ಹಿರಿಯರಿಗೆ ಇದೆಲ್ಲ ತಿಳಿದೇ ಇತ್ತೆಂದು ಬೀಗುವವರಿದ್ದಾರೆ. ಅದು ಅತಿಶಯೋಕ್ತಿ. ಬಡಿಸುವ ಕ್ರಮ ಒಂದು, ಉಣ್ಣುವ ಕ್ರಮ ಇನ್ನೊಂದು. ಪಂಕ್ತಿಯಲ್ಲಿ ಅನ್ನ, ತೊವ್ವೆ ಬಂದ ಮೇಲೆಯೇ ಕೈ ತೊಡಗುವ ಮನೆಗಳು ಬಹಳ. ಆದರೆ ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿಯ ಕೋಸಂಬರಿಯಲ್ಲಿ ಸಸಾರಜನಕ, ನಾರು, ಸ್ವಲ್ಪ ಜಿಡ್ಡು ಮೂರೂ ಇವೆಯೆಂಬುದು ನಿಜ. ಅದನ್ನು ಹಬ್ಬಕ್ಕೆ ಮೀಸಲಿಡದೆ ದಿನವೂ ಒಂದು ಬಟ್ಟಲು ಮಾಡಿ, ಅನ್ನಕ್ಕೆ ಹತ್ತು ನಿಮಿಷ ಮುಂಚೆ ತಿನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕರಾವಳಿಯಿಂದ ಬಂದವರು ಬಂಗುಡೆಯನ್ನು ಗಂಜಿಯ ಜೊತೆ ನೆಂಜಿಕೊಳ್ಳುವ ಬದಲು ಅರ್ಧ ಪಾಲನ್ನು ಮೊದಲೇ ತಿನ್ನಬಹುದು. ಉತ್ತರ ಕರ್ನಾಟಕದವರಿಗೆ ಮಡಕೆಕಾಳಿನ ಪಲ್ಯವಿದೆ.

ಇದನ್ನೆಲ್ಲ ನಗರವಾಸಿಗಳ ಮುಂದೆ ಇಡುವುದಕ್ಕೆ ಕಾರಣವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಮಧುಮೇಹದ ಪ್ರಮಾಣ ನಗರಗಳಲ್ಲಿ ಶೇಕಡಾ 16.4, ಹಳ್ಳಿಗಳಲ್ಲಿ 8.9. ಅದೇ ಸಮೀಕ್ಷೆಯ ಆಹಾರದ ವಿವರಗಳು 2025ರಲ್ಲಿ ಹೊರಬಂದಾಗ, ನಮ್ಮ ಜನರ ಶಕ್ತಿಯ ಸುಮಾರು ಶೇಕಡಾ 62 ಪಾಲು ಶರ್ಕರಪಿಷ್ಟದಿಂದಲೇ ಬರುತ್ತಿರುವುದು ಕಂಡುಬಂತು. ಸಸಾರಜನಕದ ಪಾಲು 12ರ ಆಸುಪಾಸು. ಊರು ಬಿಟ್ಟು ಬಂದವರು ಅಕ್ಕಿಯ ಚೀಲವನ್ನು ಮರೆತಿಲ್ಲ. ಹೊಲದ ದುಡಿಮೆಯೂ, ಹಿತ್ತಿಲಿನ ಸೊಪ್ಪೂ ಮಾತ್ರ ಅಲ್ಲಿಯೇ ಉಳಿದವು.

ಇಲ್ಲಿ ಮನೆಯ ಗೃಹಿಣಿಯರ ವಿಷಯವಾಗಿ ಒಂದು ಮಾತನ್ನು ಹೇಳಲೇಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತುಕೊಳ್ಳುವವರ ಪಾಲಿಗೆ ಪಲ್ಯ ಮುಗಿದಿರುತ್ತದೆ, ಹುಳಿಯಲ್ಲಿ ಹೋಳು, ಬೇಳೆ ತಳ ಸೇರಿರುತ್ತವೆ. ಉಳಿದ ಅನ್ನ, ತಿಳಿಸಾರು, ಕೊನೆಗೊಂದಿಷ್ಟು ಮಜ್ಜಿಗೆ ಇವಿಷ್ಟೇ ಅವರ ಊಟ. ಕರುಳಿನ ದೃಷ್ಟಿಯಿಂದ ಇದು ಬರಿಯ ಪಿಷ್ಟ. ಗ್ರೆಲಿನ್ ಕೆಲವು ಗಂಟೆಗಳಲ್ಲಿ ಮತ್ತೆ ತಲೆಯೆತ್ತುತ್ತದೆ, ಸಂಜೆ ನಾಲ್ಕಕ್ಕೆ ಬಿಸ್ಕತ್ತಿನ ಡಬ್ಬಿ ತೆರೆಯುತ್ತದೆ. ಮನೆಯವರು ಅದನ್ನು ಬಾಯಿಚಪಲವೆಂದು ಕರೆಯುವುದು ಅನ್ಯಾಯ. ಬಡಿಸುವ ಮುನ್ನವೇ ಅವರ ಪಾಲಿನ ಪಲ್ಯವನ್ನೂ ಬೇಳೆಯನ್ನೂ ಒಂದು ಬಟ್ಟಲಿಗೆ ತೆಗೆದಿಡುವುದು ಯಾವ ಔಷಧಿಗೂ ಕಡಿಮೆಯಾದ ಉಪಾಯವಲ್ಲ.

ಔಷಧಿಯ ಪ್ರಸ್ತಾಪ ಬಂದದ್ದರಿಂದ, ಈಗ ಎಲ್ಲೆಡೆ ಚರ್ಚೆಯಲ್ಲಿರುವ ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆ ಎರಡು ಮಾತು. ಮಧುಮೇಹಿಗಳಲ್ಲಿ ಇನ್‌ಕ್ರೆಟಿನ್ ಪರಿಣಾಮ ಕುಂದಿರುತ್ತದೆಂದು 1986ರಲ್ಲಿ ಜರ್ಮನಿಯ ನೌಕ್ ಮತ್ತು ಸಂಗಡಿಗರು ತೋರಿಸಿದರು. ಆದರೆ ಜಿ.ಎಲ್.ಪಿ.-1 ಅನ್ನು ಹೊರಗಿನಿಂದ ಕೊಟ್ಟರೆ ಅವರಲ್ಲಿಯೂ ಕೆಲಸ ಮಾಡುತ್ತದೆ. ತೊಡಕೆಂದರೆ ಅದರ ಆಯುಸ್ಸು ಒಂದೆರಡು ನಿಮಿಷ. ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷಪೂರಿತ ಹಲ್ಲಿಯ ಜೊಲ್ಲಿನಲ್ಲಿ, ಬೇಗನೆ ನಾಶವಾಗದ ಅಂತಹುದೇ ಒಂದು ದ್ರವ್ಯ ಸಿಕ್ಕಿತು. ಅದರ ಆಧಾರದ ಮೇಲೆ ತಯಾರಾದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್ ಆಮೇಲೆ ಬಂತು. ಜಿ.ಐ.ಪಿ. ಮತ್ತು ಜಿ.ಎಲ್.ಪಿ.-1 ಎರಡರ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ 2025ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂತು. ಉಪವಾಸದಲ್ಲಿ ಇರುವ ಜಿ.ಎಲ್.ಪಿ.-1ರ ಮಟ್ಟ ಊಟದ ನಂತರ ಎರಡು ಮೂರು ಪಟ್ಟು ಏರಿ, ಕೆಲವು ಗಂಟೆಗಳಲ್ಲಿ ಇಳಿದುಬಿಡುತ್ತದೆ. ಈ ಔಷಧಿಗಳ ಪ್ರಭಾವವಾದರೋ ಹಗಲಿರುಳೆನ್ನದೆ ದಿನಗಟ್ಟಲೆ ನಿಲ್ಲುತ್ತದೆ. ಆದುದರಿಂದ ಕೋಸಂಬರಿಯು ಚುಚ್ಚುಮದ್ದಿನಷ್ಟೇ ತೂಕ ಇಳಿಸೀತೆಂದು ಯಾರೂ ಭಾವಿಸಬಾರದು. ಅದೇ ರೀತಿ, ಪಕ್ಕದ ಮನೆಯವರು ತೆಗೆದುಕೊಂಡರೆಂದು ವೈದ್ಯರನ್ನು ಕೇಳದೆ ಚುಚ್ಚಿಸಿಕೊಳ್ಳುವಂತಹ ಔಷಧಿಯೂ ಇದಲ್ಲ. ಓಕರಿಕೆ, ವಾಂತಿ ಇದರ ಸಾಮಾನ್ಯ ತೊಂದರೆಗಳು. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತಗಳ ಬಗ್ಗೆಯೂ ಎಚ್ಚರ ಬೇಕು.

ಈಗಾಗಲೇ ಇನ್ಸುಲಿನ್ನನ್ನೋ, ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುವ ಗುಳಿಗೆಗಳನ್ನೋ ತೆಗೆದುಕೊಳ್ಳುತ್ತಿರುವವರು ಅನ್ನದ ಪ್ರಮಾಣವನ್ನು ಒಮ್ಮೆಲೇ ತಗ್ಗಿಸಿದರೆ ಸಕ್ಕರೆ ಅತಿಯಾಗಿ ಇಳಿದು ಕಣ್ಣು ಕತ್ತಲೆ ಬರುವ ಸಂಭವವುಂಟು. ಅಂತಹವರೂ, ಮೂತ್ರಪಿಂಡದ ಕಾಯಿಲೆಯಿಂದಾಗಿ ಸಸಾರಜನಕವನ್ನು ಮಿತಗೊಳಿಸಲು ಹೇಳಿಸಿಕೊಂಡವರೂ ತಮ್ಮ ವೈದ್ಯರನ್ನು ವಿಚಾರಿಸಿ ಊಟದ ಕ್ರಮವನ್ನು ಬದಲಿಸಿಕೊಳ್ಳತಕ್ಕದ್ದು.